ಸುಣ್ಣದ ಮುಳ್ಳು

॥ ಶ್ರೀ ಗುರುಬಸವ ॥

ಶಹಾಪುರ
ತಾ. 14-7-2024, ರವಿವಾರ

ಪರಮಣ್ಣ ಅವರಿಗೆ ಸೌಭಾಗ್ಯಳ ಶರಣಾರ್ಥಿಗಳು.

ಇಲ್ಲಿ ಅವ್ವ, ನಾನು ಇಬ್ಬರೂ ಆರಾಮ ಇದ್ದೇವೆ. ಅಲ್ಲಿ ನೀವು, ನಿಮ್ಮ ಮನೆಯವರು ಅಂಜನಾ, ಮಗಳು ದೇವಿಕಾ ಆರಾಮ ಇದ್ದೀರೆಂದು ಪತ್ರದಿಂದ ತಿಳಿದು ಸಂತೋಷವಾಯಿತು. ಉತ್ತರ ಬರೆಯಲು ಇಪ್ಪತ್ತೆರಡು ದಿನ ತೆಗೆದುಕೊಂಡೆ, ತಪ್ಪಾಯಿತು. ಆದರೆ ಮೂವತ್ತನಾಲ್ಕು ವರ್ಷ ಒಂದು ಸಾಲು ಬರೆಯದೆ ಇದ್ದವರು ಇಪ್ಪತ್ತೆರಡು ದಿನಕ್ಕೆ ಮುಖ ಊದಿಸಿಕೊಳ್ಳುವ ಹಾಗಿಲ್ಲ. ಪತ್ರದ ಕೊನೆಗೆ ಫೋನ್ ನಂಬರು ಕೊಟ್ಟಿದ್ದೀರಿ. ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡಿದ್ದೇನೆ, ಫೋನ್ ಹಚ್ಚುವುದಿಲ್ಲ. ನಿಮ್ಮ ದನಿ ಕೇಳಿದರೆ ಹೇಳಬೇಕಾದ್ದನ್ನು ಬಿಟ್ಟು ಮಳೆಯ ಮಾತಾಡಿ ಇಟ್ಟುಬಿಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು.

ಪತ್ರ ಬಂದದ್ದು ಕಾಲೇಜಿನ ವಿಳಾಸಕ್ಕೆ. ನಮ್ಮ ಲ್ಯಾಬಿನ ಅಟೆಂಡರ್ ಹಜರಾಬೀ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಬಂದಳು. "ಮೇಡಮ್ರ, ನಿಮಗ ಖತ್ ಬಂದದರಿ. ಬ್ಯಾಂಕಿಂದಲ್ಲ, ಎಲ್‌ಐಸಿದಲ್ಲ. ಕೈಲೆ ಬರದಾರ. ಯಾರ್ರೀ ಇವರು?"

"ಯಾದಗಿರ್ಯಾಗ ಸಂಗಾಟ ಓದಿದವರು" ಎಂದೆ.

"ಸಂಗಾಟ ಓದಿದವರ ಖತ್ ಓದಾಕ ಕುರ್ಚಿ ಬೇಕಾತೇನ್ರೀ?" ಎಂದಳು. ನಾನು ಯಾವಾಗ ಕೂತೆನೋ ನನಗೇ ಗೊತ್ತಾಗಿರಲಿಲ್ಲ.

ನೀವು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಇದೆ. ನಿಮ್ಮ ಬಾಟಲಿ ನನ್ನ ಹತ್ತಿರ ಇದೆ.

ನೀವು ಬರೆದದ್ದನ್ನು ಹತ್ತು ಸಲವಾದರೂ ಓದಿದ್ದೇನೆ. ಬರುವ ಮೇ ತಿಂಗಳಲ್ಲಿ ನಿಮ್ಮ ನಿವೃತ್ತಿ. ಅಷ್ಟರೊಳಗೆ ತಮಿಳುನಾಡಿನ ಆ ಕರಾವಳಿಯ ಸುಣ್ಣದ ಸ್ಪಂಜುಗಳ ಪುಸ್ತಕ ಮುಗಿಯಬೇಕು. ನಮ್ಮ ಬಿ.ಎಸ್ಸಿ. ಪ್ರವಾಸದಲ್ಲಿ ಮಂಡಪಂ ದಂಡೆಯಲ್ಲಿ ಸಿಕ್ಕ ಆ ಹಳದಿ ಸ್ಪಂಜು ಯಾವ ಪುಸ್ತಕದಲ್ಲೂ ಇಲ್ಲ, ಮೂವತ್ತು ವರ್ಷ ಮುಳುಗಿ ಹುಡುಕಿದರೂ ನಿಮಗೆ ಮತ್ತೆ ಸಿಗಲಿಲ್ಲ, ಆ ಕಲ್ಲುಗಳ ಮೇಲೆ ಈಗ ಎದೆಮಟ್ಟ ಮರಳು ಕೂತಿದೆ. ಲೋಕದಲ್ಲಿ ಅದರದೊಂದು ತುಣುಕು ಉಳಿದಿದ್ದರೆ ಅದು ಶಹಾಪುರದಲ್ಲಿ ಮಾತ್ರ ಎಂದು ಬರೆದಿದ್ದೀರಿ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಕೆಳಗೆ, ನಮ್ಮ ಮನೆಯ ಗೋಡೆಯ ಗೂಡಿನಲ್ಲಿ. ಓದಿ ನನಗೆ ನಗು ಬಂತು. ಆಮೇಲೆ ನಗು ಉಳಿಯಲಿಲ್ಲ.

ಆ ಬೆಳಿಗ್ಗೆ ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಎಲ್ಲ ನೆನಪಿದೆ. ನೀರು ಹಿಂದೆ ಸರಿದಿತ್ತು. ಭಗವಂತರಾಯ ಸರ್ ಪ್ಯಾಂಟು ಮೊಳಕಾಲಿನವರೆಗೆ ಮಡಚಿಕೊಂಡು ಹುಡುಗರನ್ನೆಲ್ಲ ನೀರಿಗೆ ಇಳಿಸಿದರು. ನಾವು ಮೂವರು ಹುಡುಗಿಯರು ಬಕೆಟ್ ಹಿಡಿದು ದಂಡೆಯಲ್ಲಿ ನಿಲ್ಲಬೇಕು. ಸುರಪುರದ ಬಾವಿಗಳಲ್ಲಿ ಈಜಿ ಬೆಳೆದ ನೀವು ಸಮುದ್ರವನ್ನೂ ಬಾವಿಯೆಂದೇ ತಿಳಿದು ನುಗ್ಗಿದಿರಿ. ಒಂದು ಚಪ್ಪಟೆ ಕಲ್ಲು ಎತ್ತಿದಿರಿ. ಅದರ ಹೊಟ್ಟೆಗೆ ಅಂಟಿಕೊಂಡು ಕೂತಿತ್ತು, ಹೆಬ್ಬೆರಳಿನಷ್ಟು. "ಸೌಭಾಗ್ಯಾರ, ಇಲ್ಲಿ ನೋಡ್ರಿ. ಯಾರೋ ಜಾಳಗಿ ಹೆಣದು ಅರಿಷಿಣದಾಗ ಅದ್ದ್ಯಾರ" ಎಂದಿರಿ. ಮೂವತ್ತು ಮಂದಿಯಲ್ಲಿ ನೀವು ಕರೆದದ್ದು ನನ್ನನ್ನು. ಸರ್ ಏನೇನೋ ಹೇಳುತ್ತಿದ್ದರು, ನೀವು ಬರೆದುಕೊಂಡಿರಿ. ಜೂನಿನಲ್ಲಿ ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗ, ಅದನ್ನು ಸ್ಪಿರಿಟಿನಲ್ಲಿ ಹಾಕಿಟ್ಟ ಬಾಟಲಿ ನನ್ನ ಕೈಗೆ ಕೊಟ್ಟು, "ನೀವ ಇಟ್ಕೋರಿ. ನಾ ಬಂದು ತಗೋತೀನಿ" ಎಂದಿರಿ. ಎಂ.ಎಸ್ಸಿ.ಗೆ ಹೊರಟವರು ಕೈಯಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. ಯಾಕೆ ನನಗೆ ಕೊಟ್ಟಿರಿ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಹೇಗೆ ಕಾಪಾಡಿದೆನೆಂದು ಹೇಳುತ್ತೇನೆ, ಸ್ವಲ್ಪ ಹೆಚ್ಚುಗಾರಿಕೆ ಮಾಡಿಕೊಂಡರೆ ಸಹಿಸಿಕೊಳ್ಳಿ. ನಮ್ಮದು ಲಿಂಗಪೂಜೆಯ ಮನೆ. ಸತ್ತ ಜೀವವನ್ನು ಒಳಗೆ ತರುವ ಮಾತೇ ಇಲ್ಲ. ಇದು ಸಮುದ್ರದ ಗಿಡ ಎಂದು ಅವ್ವನಿಗೆ ಹೇಳಿದೆ. ಹಿಂದೆ ದೊಡ್ಡ ದೊಡ್ಡ ಪಂಡಿತರೇ ಸ್ಪಂಜನ್ನು ಗಿಡವೆಂದು ನಂಬಿದ್ದರಲ್ಲ, ನಮ್ಮ ಅವ್ವ ಗೊಲ್ಲಾಳಮ್ಮ ನಂಬಿದರೆ ಏನು ತಪ್ಪು? ಎರಡು ತಿಂಗಳಾದ ಮೇಲೆ, ಸ್ಪಿರಿಟ್ ಆರಿದೆಯೋ ಎಂದು ಮುಚ್ಚಳ ತೆಗೆದೆ. ಅವ್ವ ಪೂಜೆಗೆ ಕೂತಿದ್ದವಳು ಎದ್ದು ಬಂದಳು. "ಲಿಂಗಪ್ಪನ ಮನ್ಯಾಗ ಸೆರಿ ನಾತ ಎಲ್ಲಿಂದ ಬಂತು? ಇದು ಇವತ್ತಽ ಹೊರಗ ಹೋಗ್ಬೇಕು, ಇಲ್ಲಂದ್ರ ನಾ ಹೋಗ್ತೀನಿ." ಮರುದಿನವೇ ಯಾದಗಿರಿಗೆ ಹೋಗಿ ಕಾಲೇಜಿನಿಂದ ಫಾರ್ಮಲಿನ್ ಕೇಳಿ ತಂದೆ. ಸೆರೆಯನ್ನು ಚೆಲ್ಲಿ ಅದನ್ನು ಹಾಕಿದೆ. ಇದು ಔಷಧ ಎಂದೆ. ವಾಸನೆಗೆ ಕಣ್ಣಲ್ಲಿ ನೀರು ಬಂದರೂ ಔಷಧವೆಂದ ಮೇಲೆ ಅವ್ವ ಸುಮ್ಮನಾದಳು. ಅಂದಿನಿಂದ ಇವತ್ತಿನವರೆಗೆ, ಪ್ರತಿ ಶ್ರಾವಣದ ಎರಡನೆಯ ಸೋಮವಾರ, ಹಳೆಯದನ್ನು ಚೆಲ್ಲಿ ಹೊಸದು ತುಂಬುತ್ತೇನೆ. ಒಂದು ವರ್ಷವೂ ತಪ್ಪಿಸಿಲ್ಲ. ಟೈಫಾಯ್ಡ್ ಆದ ವರ್ಷ ಮಂಚದ ಮೇಲೆ ಕೂತು ಮಾಡಿದ್ದೇನೆ.

ನೀವು ಬರೆದ ಚೀಟಿ ಒಳಗೆ ಹಾಗೆಯೇ ಇದೆ. "ಮಂಡಪಂ, 17-1-88, ಕಲ್ಲಿನ ಅಡಿ, ಹಳದಿ. ಪ." ಪೆನ್ನಿನಲ್ಲಿ ಬರೆದರೆ ಸ್ಪಿರಿಟ್ ಕುಡಿಯುತ್ತದೆ, ಪೆನ್ಸಿಲ್ ಉಳಿಯುತ್ತದೆ ಎಂದು ಸರ್ ಹೇಳಿಕೊಟ್ಟದ್ದು ನಿಜ. ಹಳದಿ ಮಾತ್ರ ಮೊದಲ ವಾರವೇ ಹೋಯಿತು. ಮೊದಲು ನೆಟ್ಟಗೆ ನಿಂತಿರುತ್ತಿತ್ತು, ಈಗ ತಳದಲ್ಲಿ ಕುಸಿದು ಕೂತಿದೆ. ನನಗೂ ಐವತ್ತೆಂಟಾಯಿತು, ನಾನೂ ಮೊದಲಿನ ಹಾಗೆ ನಿಲ್ಲುವುದಿಲ್ಲ, ಅದಕ್ಕೇನು ಹೇಳಲಿ.

ನಿಮ್ಮ ಪತ್ರ ಬಂದ ಮೇಲೆ ಪಾಠದ ಕ್ರಮ ತಪ್ಪಿಸಿ ಮಕ್ಕಳಿಗೆ ಸ್ಪಂಜಿನ ಪಾಠ ಮೊದಲು ತೆಗೆದುಕೊಂಡೆ. ನಾವು ಓದಿದ ಕಾಲದಲ್ಲಿ ಮೂರೇ ವರ್ಗ: ಮೈಯೊಳಗೆ ಸುಣ್ಣದ ಮುಳ್ಳಿನವು, ಆರು ಕವಲಿನ ಗಾಜಿನ ಮುಳ್ಳಿನವು, ಉಳಿದ ದೊಡ್ಡ ಪರಿವಾರ. ಈಗ ಆ ದೊಡ್ಡ ಪರಿವಾರದಿಂದ ಒಂದು ಸಣ್ಣ ಮನೆತನ ಬೇರೆಯಾಗಿ ನಾಲ್ಕನೆಯ ವರ್ಗವಾಗಿದೆ ಎಂದು ಬರೆದಿದ್ದೀರಿ. ಅಷ್ಟು ವರ್ಷ ಒಂದೇ ಒಲೆಯಲ್ಲಿ ಉಂಡು ಈಗ ಬೇರೆಯಾಗುವಂಥದ್ದೇನಾಯಿತೋ. ಜೀವಂತ ಸ್ಪಂಜನ್ನು ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿದರೂ ಅದರ ಕಣಗಳು ಮತ್ತೆ ಕೂಡಿಕೊಳ್ಳುತ್ತವೆ, ಎರಡು ಬಗೆಯವನ್ನು ಕಲಸಿದರೆ ತಮ್ಮ ತಮ್ಮವನ್ನು ಹುಡುಕಿಕೊಳ್ಳುತ್ತವೆ ಎಂದೆ. ಹಿಂದಿನ ಬೆಂಚಿನ ಒಬ್ಬಳು ಎದ್ದು, "ತನ್ನದು ಯಾವುದು ಅಂತ ಅದಕ್ಕ ಹ್ಯಾಂಗ್ ಗೊತ್ತಾಗ್ತದ್ರೀ ಮಿಸ್?" ಎಂದಳು. ಪುಸ್ತಕದಲ್ಲಿದ್ದ ಉತ್ತರ ಹೇಳಿ ಕೂರಿಸಿದೆ.

ಇಷ್ಟು ಬರೆಯುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಕೂಗಿದಳು. ಉಪ್ಪಿನಕಾಯಿಗೆ ಹೆಚ್ಚುವಾಗ ನಾನು ನಿಂಬೆರಸ ನೆಲದ ಪರಸಿ ಕಲ್ಲಿಗೆ ಚೆಲ್ಲಿದ್ದೆನಂತೆ. "ಪರಸಿ ತಿಂದು ಬೆಳ್ಳಗ ಕಲಿ ಆಗ್ಯಾದ ನೋಡು. ಹುಳಿ ಬಿದ್ರ ಈ ಕಲ್ಲ ತಿಂತದ ಅಂತ ಎಷ್ಟ ಸಲ ಹೇಳ್ಬೇಕು ನಿನಗ?" ಎಂಬತ್ತನಾಲ್ಕಾದರೂ ಕಣ್ಣು ಚುರುಕು. ಒರೆಸಿ ಬರಬೇಕು.

ಬಾಟಲಿ ಹೇಗೆ ಕಳಿಸಲಿ, ತಿಳಿಸಿರಿ. ದೇವಿಕಾಳಿಗೆ ನನ್ನ ಆಶೀರ್ವಾದ. ಪತ್ರವನ್ನು ಅಂಜನಾ ಅವರಿಗೂ ಓದಿ ಹೇಳಿರಿ.

ನಿಮ್ಮ,
ಸೌಭಾಗ್ಯ

ತಾ.ಕ.: 1990ರಲ್ಲಿ ನೀವು ಬಾಟಲಿ ಕೇಳಲು ನಮ್ಮ ಅಂಗಡಿಗೆ ಬಂದಾಗ "ಮನೆಯಲ್ಲಿ ಇಲ್ಲ" ಎಂದು ನಮ್ಮ ಅಪ್ಪ ಹೇಳಿ ಕಳಿಸಿದ್ದನ್ನು ಬರೆದಿದ್ದೀರಿ. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಅಪ್ಪ ಈಗ ಇಲ್ಲ.



ಶಹಾಪುರ
ತಾ. 18-8-2024

ಪರಮಣ್ಣ ಅವರಿಗೆ ಶರಣಾರ್ಥಿಗಳು.

ನಿಮ್ಮ ಉತ್ತರ ಬೇಗ ಬಂತು, ನನ್ನದು ಮತ್ತೆ ತಡ. ಅವ್ವನಿಗೆ ಎಂಟು ದಿನ ಜ್ವರ ಬಂದಿತ್ತು, ಈಗ ಗಂಜಿ ಬಿಟ್ಟು ರೊಟ್ಟಿ ಕೇಳುತ್ತಿದ್ದಾಳೆ. ಅದೊಂದೇ ಕಾರಣವಲ್ಲ, ಉಳಿದದ್ದನ್ನು ಕೆಳಗೆ ಬರೆಯುತ್ತೇನೆ.

ನಾಲ್ಕು ಹಾಳೆ ಬರೆದಿದ್ದೀರಿ. ಅದರಲ್ಲಿ ಮೂರೂವರೆ ಹಾಳೆ ಸ್ಪಂಜು. ಹೆಸರಿಟ್ಟದ್ದೇ ಒಂಬತ್ತು ಸಾವಿರಕ್ಕೂ ಮೇಲೆ, ಹೆಸರಿಡದವು ಎಷ್ಟಿವೆಯೋ. ಕಪ್ಪೆಚಿಪ್ಪಿಗೆ ತೂತು ಕೊರೆದು ಒಳಗೆ ಮನೆ ಮಾಡುವವು, ಆಳದ ಕತ್ತಲೆಯಲ್ಲಿ ಸಣ್ಣ ಜೀವಗಳನ್ನು ಕೊಕ್ಕೆಗೆ ಸಿಕ್ಕಿಸಿ ತಿನ್ನುವವು, ಮುಳ್ಳೇ ಇಲ್ಲದ ಮೆತ್ತನೆಯ ಮೈತಿಕ್ಕುವ ಸ್ಪಂಜು, ಆನೆಯ ಕಿವಿಯಂಥದ್ದು, ಮನುಷ್ಯ ಒಳಗೆ ಕೂರುವಷ್ಟು ದೊಡ್ಡ ಹಂಡೆಯಂಥದ್ದು. ಗಾಜಿನ ಬುಟ್ಟಿಯಂಥ ಸ್ಪಂಜಿನೊಳಗೆ ಸಣ್ಣದಿದ್ದಾಗ ಹೊಕ್ಕು, ಬೆಳೆದ ಮೇಲೆ ಹೊರಗೆ ಬರಲಾಗದೆ ಸಾಯುವತನಕ ಜೋಡಿಯಾಗಿ ಇರುವ ಸೀಗಡಿಗಳು. ನೋಡಲು ಒಂದೇ ಥರ ಇರುವವು ಬೇರೆ ಬೇರೆ ಪ್ರಭೇದ, ನೋಡಲು ಸಂಬಂಧವೇ ಇಲ್ಲದವು ಒಂದೇ ಪ್ರಭೇದ. ಹರಿಯುವ ನೀರಲ್ಲಿ ಗಿಡ್ಡ, ನಿಂತ ನೀರಲ್ಲಿ ಉದ್ದ. ಮೈ ನಂಬಬಾರದು, ಬಣ್ಣ ನಂಬಬಾರದು, ಮುಳ್ಳನ್ನು ಮಾತ್ರ ನಂಬಬೇಕು ಎಂದಿದ್ದೀರಿ. ಇಂಥ ಪತ್ರವನ್ನು ಬೇರೆ ಯಾರಾದರೂ ಓದಿದ್ದರೆ ಪಾಠವೆಂದು ಮಡಿಸಿಡುತ್ತಿದ್ದರು. ನಾನು ಎರಡು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಇದನ್ನು ಅಂಜನಾ ಅವರಿಗೆ ಓದುವಾಗ ಈ ಸಾಲು ಬಿಟ್ಟು ಓದಿರಿ, ಅಥವಾ ಓದಿರಿ, ಹೆಂಗಸರಿಗೆ ಇಂಥದ್ದು ಹೇಗೂ ತಿಳಿಯುತ್ತದೆ.

ಉಳಿದ ಅರ್ಧ ಹಾಳೆಯಲ್ಲಿ ಎರಡು ವಿಷಯ. ಒಂದು, ಮುಳ್ಳು ಸಿಕ್ಕಿ ಇದು ಹೊಸದೆಂದು ಖಾತ್ರಿಯಾದರೆ ಅದಕ್ಕೆ ಹೆಸರು ಸಿದ್ಧವಿದೆ, 88ರಲ್ಲೇ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ, ಈಗಲೇ ಹೇಳುವುದಿಲ್ಲ ಎಂದಿದ್ದೀರಿ. ಹೇಳಬೇಡಿ. ಆ ಹೆಸರು ನನಗೆ ಗೊತ್ತಿದೆ ಎಂದು ನನ್ನ ಮನಸ್ಸು ಹೇಳುತ್ತದೆ, ಮತ್ತೆ ಅದೇ ಮನಸ್ಸು ನಾಚಿಕೆಯಿಲ್ಲದವಳೇ ಎಂದು ನನ್ನನ್ನು ಬೈಯುತ್ತದೆ. ಅದು ಪುಸ್ತಕದಲ್ಲಿ ಅಚ್ಚಾದರೆ ನಾನು ಸತ್ತ ಮೇಲೂ ಯಾರೋ ಗುರುತಿಲ್ಲದವರು ಅದನ್ನು ಓದುತ್ತಾರೆ ಎಂದು ಯೋಚಿಸುತ್ತ ಒಂದು ದಿನ ಹಾಲು ಉಕ್ಕಿಸಿದೆ.

ಇನ್ನೊಂದು, ನೀವು ಎರಡು ಗೆರೆ ಎಳೆದು ಕೇಳಿದ ಪ್ರಶ್ನೆ. "ಬಾಟಲಿಯಲ್ಲಿ ಇಷ್ಟು ವರ್ಷ ಇದ್ದದ್ದು ಫಾರ್ಮಲಿನ್ನೇ ಹೌದೇ?" ಮೊದಲ ಪತ್ರದಲ್ಲೇ ಬರೆದಿದ್ದೆನಲ್ಲ. ಎರಡು ಗೆರೆ ಯಾಕೆ ಎಳೆದಿರಿ ಎಂದು ಅಂದು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ.

ನೀವು ಹೇಳಿದಂತೆ ಮಾಡಿದೆ. ಜೋಳದ ಕಾಳಿನಷ್ಟು ತುಣುಕು ಕತ್ತರಿಸಿ ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿ ಹಾಕಿಟ್ಟೆ. ಮೈ ಕರಗಿ ಮುಳ್ಳು ತಳದಲ್ಲಿ ಉಳಿಯಬೇಕು, ನಮ್ಮ ಹೊಲದ ನೆಗ್ಗಿಲ ಮುಳ್ಳಿನ ಹಾಗೆ ಮೂರು ಕಡೆ ಚಾಚಿಕೊಂಡು ಕಾಣಬೇಕು ಎಂದಿದ್ದಿರಿ. ಮರುದಿನ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಹಾಕಿ ನೋಡಿದೆ. ಕಣ್ಣು ಮಂಜಾಗಿದೆಯೆಂದು ಕನ್ನಡಕ ಒರೆಸಿದೆ. ಹಜರಾಬೀಯನ್ನು ಕರೆದೆ, ಅವಳ ಕಣ್ಣು ನನಗಿಂತ ಚಲೋ. ಬಹಳ ಹೊತ್ತು ನೋಡಿದಳು.

"ಏನ ಕಾಣ್ಸಾಕತ್ತದ?" ಎಂದೆ.

"ನೀರ್ರೀ ಮೇಡಮ್ರ. ಬರೇ ನೀರು ಅದ."

ಬ್ಲೀಚ್ ಹೆಚ್ಚಾಗಿರಬೇಕು. ಬಹಳ ಹೊತ್ತು ಇಟ್ಟಿರಬೇಕು. ನನ್ನ ಕೈಯಲ್ಲಿ ಏನೋ ತಪ್ಪಾಗಿದೆ. ಇನ್ನೊಮ್ಮೆ ಮಾಡುತ್ತೇನೆ. ನೀವು ಗಾಬರಿಯಾಗಬೇಡಿ.

ಮಳೆ ಈ ಸಲ ಚೆನ್ನಾಗಿದೆ. ದೇವಿಕಾಳ ಪರೀಕ್ಷೆ ಮುಗಿಯಿತೆ? ಒಳ್ಳೆಯದಾಗಲಿ ಮಗುವಿಗೆ.

ನಿಮ್ಮ,
ಸೌಭಾಗ್ಯ

ತಾ.ಕ.: ಮೊನ್ನೆ ಶ್ರಾವಣದ ಎರಡನೆಯ ಸೋಮವಾರ ಬಂದು ಹೋಯಿತು. ಮೊದಲನೇ ಸಲ ಬಾಟಲಿಯ ನೀರು ಬದಲಿಸಲಿಲ್ಲ. ಕೈ ಬರಲಿಲ್ಲ.



ಶಹಾಪುರ
ತಾ. 29-9-2024

ಪರಮಣ್ಣ ಅವರಿಗೆ ಸೌಭಾಗ್ಯಳ ಶರಣಾರ್ಥಿಗಳು.

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ತಡಕ್ಕೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಹೋದ ತಿಂಗಳು ಎರಡನೇ ಸಲವೂ ಏನೂ ಕಾಣಲಿಲ್ಲ. ನನ್ನ ಕೈಯ ತಪ್ಪೋ, ಸ್ಪಂಜಿನ ತಪ್ಪೋ ತಿಳಿಯಬೇಕಲ್ಲ. ಮುಳ್ಳು ಇದ್ದೇ ಇದೆ ಎಂದು ಖಾತ್ರಿ ಇರುವ ಇನ್ನೊಂದು ಸ್ಪಂಜನ್ನು ಇದೇ ಬ್ಲೀಚಿನಲ್ಲಿ ಹಾಕಿ ನೋಡಬೇಕು. ಅಂಥದ್ದು ನಮ್ಮ ಕಡೆ ಎಲ್ಲಿ? ಸಿಹಿನೀರಿನಲ್ಲೂ ಒಂದು ಬಡ ಪರಿವಾರ ಇದೆ, ಕೆರೆಯ ಕಲ್ಲಿಗೆ ಹಸಿರಾಗಿ ಅಂಟಿಕೊಂಡಿರುತ್ತದೆ ಎಂದು ನೀವೇ ಬರೆದಿದ್ದಿರಿ. ಸುರಪುರದ ಬಸ್ಸು ಹತ್ತಿದೆ. ಬೋನಾಳ ಕೆರೆಯಲ್ಲಿ ಯಾರನ್ನು ಇಳಿಸುವುದು ಎಂದು ಯೋಚಿಸಿ ನಿಮ್ಮ ಅಣ್ಣ ಹಣಮೇಶ ಅವರ ಮನೆಗೇ ಹೋದೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. ಹೇಗೆ ಗುರುತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಹಾ ಕುಡಿಸಿದರು.

ಅರವತ್ತೈದರ ಮನುಷ್ಯ ಧೋತರ ಮೇಲಕ್ಕೆ ಕಟ್ಟಿ ಕೆರೆಗೆ ಇಳಿದರು. "ನಮ್ಮ ಪರಮಾ ಸಮುದ್ರದಾಗ ಮುಳುಗಿ ಇದನ್ನಽ ಹುಡುಕ್ತಾನಂತೇನ್ರೀ? ಇದಕ್ಕ ಅಷ್ಟ ದೂರ ಯಾಕ ಹೋದ? ಊರ ಬಾವ್ಯಾಗ ಕೊಡ ಬಿದ್ರ ತಗ್ಯಾಕ ಅವನಽ ಬೇಕಾಗಿತ್ತು. ಅವ ಹೋದ ಮ್ಯಾಲ ಎಷ್ಟ ಕೊಡ ಬಾವ್ಯಾಗಽ ಉಳದಾವ" ಎನ್ನುತ್ತ ಒಂದು ಕಲ್ಲು ತಂದು ಮುಂದಿಟ್ಟರು. ಪಾಚಿಯಂತೆ ಕಂಡರೂ ಮುಟ್ಟಿದರೆ ಗರಗರ ಎನ್ನುತ್ತಿತ್ತು. ಸ್ಪಂಜೇ. ಬೇಸಗೆಯಲ್ಲಿ ಕೆರೆ ಒಣಗಿದರೆ ಇದು ಸಾಯುತ್ತದೆಯಂತೆ, ಸಾಯುವ ಮೊದಲು ಸಾಸಿವೆಗಿಂತ ಸಣ್ಣ ಬೀಜದಂಥವನ್ನು ಬಿಟ್ಟು ಹೋಗುತ್ತದೆಯಂತೆ, ನೀರು ಬಂದಾಗ ಅವು ಮತ್ತೆ ಚಿಗುರುತ್ತವಂತೆ. ಇದನ್ನೂ ನಿಮ್ಮ ಪತ್ರದಲ್ಲೇ ಓದಿದ್ದೆ. ನಮ್ಮ ಸೀಮೆಯ ಜೀವಕ್ಕೆ ಈ ಬುದ್ಧಿ ಇರಲೇಬೇಕು.

ಕೆರೆಯ ಸ್ಪಂಜನ್ನೂ ನಿಮ್ಮ ಸ್ಪಂಜನ್ನೂ ಒಂದೇ ದಿನ, ಒಂದೇ ಬಾಟಲಿಯ ಬ್ಲೀಚಿನಲ್ಲಿ ಹಾಕಿದೆ. ಕೆರೆಯದರಲ್ಲಿ ಗಾಜಿನ ಸೂಜಿಗಳು ನೂರಾರು ಬಿದ್ದಿದ್ದವು, ಹಜರಾಬೀ ಕೂಡ "ಹಾಂ, ಇವು ನೋಡ್ರಿ ಸೂಜಿ" ಎಂದಳು. ನಿಮ್ಮದರಲ್ಲಿ ನೀರು. ಬರೇ ನೀರು.

ನನ್ನ ಕೈ ತಪ್ಪಿಲ್ಲ ಪರಮಣ್ಣ. ಕೈ ತಪ್ಪಿಲ್ಲ, ತಪ್ಪು ಬೇರೆಯದು.

ಆ ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೆ. ಅಂದು ನಿಂಬೆರಸ ಚೆಲ್ಲಿದ ಕಡೆ ಪರಸಿಯ ಮೇಲೆ ಬಿಳಿ ಕಲೆ ಇನ್ನೂ ಇದೆ, ಬೆರಳಿಗೆ ತರಿತರಿ ಹತ್ತುತ್ತದೆ. ಶಹಾಬಾದ್ ಕಲ್ಲು ಎಂದರೆ ಸುಣ್ಣ. ಸುಣ್ಣವನ್ನು ಹುಳಿ ತಿನ್ನುತ್ತದೆ. ಫಾರ್ಮಲಿನ್ ಇಟ್ಟಲ್ಲೇ ಹುಳಿಯಾಗುತ್ತದೆ. ಮೂವತ್ತೊಂದು ವರ್ಷ ನಾನು ಬೋರ್ಡಿನ ಮೇಲೆ "ಸುಣ್ಣದ ಮುಳ್ಳುಗಳು" ಎಂದು ಬರೆದಿದ್ದೇನೆ. ಅಕ್ಷರ ಬಾರದ ಅವ್ವನಿಗೆ ಗೊತ್ತಿದ್ದದ್ದು ನನಗೆ ಹೊಳೆಯಲಿಲ್ಲ. ಪ್ರತಿ ಶ್ರಾವಣದಲ್ಲಿ ಹೊಸ ಹುಳಿ ತಂದು, ಪ್ರೀತಿಯಿಂದ, ಅದರ ಮೇಲೆ ಸುರಿದಿದ್ದೇನೆ. ಮರೆತು ಮೂಲೆಗೆ ಎಸೆದು ಒಣಗಿಸಿಬಿಟ್ಟಿದ್ದರೂ ಮುಳ್ಳು ಉಳಿಯುತ್ತಿದ್ದವು. ಕಾಪಾಡಿ ಕಾಪಾಡಿ ಕೊಂದೆ.

ನಿಮಗೆ ಇದು ನನ್ನ ಮೊದಲ ಪತ್ರ ಓದಿದಾಗಲೇ ಗೊತ್ತಾಗಿತ್ತು. ಹಾಳಾಯಿತೆಂದು ಬರೆಯುವ ಬದಲು ನೋಡಿ ಎಂದು ಬರೆದಿರಿ, ಒಂದೆರಡಾದರೂ ಉಳಿದಿರಲಿ ಎಂದು. ಹೋದ ವಾರ ಬಂದ ಚೀಟಿಯಲ್ಲಿ ಅಂದಿನ ನೋಟ್‌ಬುಕ್ಕಿನ ಪುಟವನ್ನು ನಕಲು ಮಾಡಿ ಕಳಿಸಿದ್ದೀರಿ. ಭಗವಂತರಾಯ ಸರ್ ದಂಡೆಯ ಮೇಲೆ ಹೇಳಿದ್ದು: "ಸುಣ್ಣದ್ದದ, ಸ್ಪಿರಿಟಿನ್ಯಾಗ ಹಾಕ್ರಿ. ಫಾರ್ಮಲಿನ್ ಮುಟ್ಟಸಬ್ಯಾಡ್ರಿ." ಸರ್ ನನ್ನಿಂದ ಮೂರು ಮೊಳ ದೂರ ನಿಂತು ಹೇಳಿದ್ದಾರೆ. ಅದು ನನಗೆ ಕೇಳಿಸಲೇ ಇಲ್ಲ. ನಾನು ನಿಮ್ಮ ಕೈ ನೋಡುತ್ತಿದ್ದೆ. ಕಲ್ಲು ತಾಗಿ ಹೆಬ್ಬೆರಳಿಗೆ ಗಾಯವಾಗಿತ್ತು, ಉಪ್ಪುನೀರಿಗೆ ಉರಿಯುತ್ತಿರಬೇಕು, ಆದರೂ ಬೊಗಸೆ ಬಿಚ್ಚಿರಲಿಲ್ಲ.

ಡಿ.ಎನ್.ಎ. ಪರೀಕ್ಷೆಯಾದರೂ ಆಗಬಹುದೆ ಎಂದು ನಡುವೆ ಒಂದು ಕಾರ್ಡು ಹಾಕಿ ಆಸೆಪಟ್ಟು ಕೇಳಿದ್ದೆ. ಫಾರ್ಮಲಿನ್ನಿನಲ್ಲಿ ಇಷ್ಟು ವರ್ಷ ಇದ್ದ ಮೇಲೆ ಅದೂ ಕಷ್ಟ ಎಂದಿರಿ. "ಹೋಗಲಿ ಬಿಡ್ರಿ ಸೌಭಾಗ್ಯಾರ" ಎಂದು ಬರೆದಿದ್ದೀರಿ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ಅವ್ವನಿಗೆ ಎಲ್ಲ ಹೇಳಿದೆ, ಗಿಡ ಅಲ್ಲ ಎಂಬುದನ್ನೂ. ಅವಳು ಬತ್ತಿ ಹೊಸೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಗಿಡ ಅಲ್ಲಂತ ನನಗ ಆವಾಗ್ಲೇ ಗೊತ್ತಿತ್ತು. ಗಿಡಕ್ಕ ಯಾರರ ಬಾಗಲಾ ಹಾಕ್ಕೊಂಡು ನೀರ ಬದಲಸ್ತಾರೇನು?" ಎಂದಳು. ಇನ್ನೊಂದು ಬತ್ತಿ ಹೊಸೆದಿಟ್ಟು, "ಸೆರಿ ಬ್ಯಾಡ ಅಂದಾಕಿ ನಾನಽ. ಒಂದ ಮಾತು ಖರೇ ಹೇಳಿದ್ರ ದನದ ಕೊಟಗ್ಯಾಗರ ಇಡ್ತಿದ್ವಿ. ಈಗ ತಂದು ಹಾಕು ಹೋಗು. ಲಿಂಗಪ್ಪಗ ನಾ ಹೇಳ್ಕೋತೀನಿ" ಎಂದಳು. ಮರುದಿನ ಸ್ಪಿರಿಟ್ ತಂದು ಹಾಕಿದ್ದೇನೆ. ಉಪಯೋಗವಿಲ್ಲವೆಂದು ಇಬ್ಬರಿಗೂ ಗೊತ್ತು. ಬಾಟಲಿ ಈಗ ದೇವರ ಮನೆಯ ಪಕ್ಕದ ಗೂಡಿನಲ್ಲಿದೆ, ಅವ್ವನೇ ಇಡಿಸಿದಳು.

ನಿಮ್ಮ ಪುಸ್ತಕ ಚೆನ್ನಾಗಿ ಬರಲಿ. ಉಳಿದ ಸ್ಪಂಜುಗಳೆಲ್ಲ ಅದರಲ್ಲಿ ತಮ್ಮ ತಮ್ಮ ಮನೆಯಲ್ಲಿ ಕೂರಲಿ. ಇದೊಂದಕ್ಕೆ ನನ್ನಿಂದ ಜಾಗ ತಪ್ಪಿತು. ಅಂಜನಾ ಅವರ ಮೊಳಕಾಲು ನೋವು ಕಡಿಮೆಯಾಗಲಿ. ದೇವಿಕಾಳಿಗೆ ಒಳ್ಳೆಯ ಮನೆ, ಒಳ್ಳೆಯ ಕೆಲಸ ಸಿಗಲಿ. ನೂರು ವರ್ಷ ಸುಖವಾಗಿ ಬಾಳಲಿ.

ನಿಮ್ಮ,
ಸೌಭಾಗ್ಯ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಅಂಜನಾ ಅವರಿಗೆ ಓದುವುದೂ ಬಿಡುವುದೂ ನಿಮ್ಮ ಮನಸ್ಸು.

1990ರ ಶ್ರಾವಣ, ಎರಡನೆಯ ಸೋಮವಾರ. ನೀವು ಎಂ.ಎಸ್ಸಿ. ಮುಗಿಸಿ ನೇರವಾಗಿ ಮನೆಯ ಮುಂದಿನ ನಮ್ಮ ಅಂಗಡಿಗೆ ಬಂದಿರಿ. ಅಪ್ಪ "ಯಾರ ಪೈಕಿ ನೀವು?" ಎಂದು ಕೇಳಿದರು. ನೀವು ಹೇಳಿದಿರಿ. ಆ ಒಂದೇ ಪ್ರಶ್ನೆಯಲ್ಲಿ ನಿಮ್ಮ ವರ್ಗೀಕರಣ ಮುಗಿಯಿತು, ಚಹಾ ಕಟ್ಟೆಯ ಮೇಲೆ ಬಂತು. ನಾನು ಒಳಬಾಗಿಲ ಹಿಂದೆ ಬಾಟಲಿ ಹಿಡಿದು ನಿಂತಿದ್ದೆ. ಅಪ್ಪ ದೇವರೇನಲ್ಲ. ಆದರೆ ನೀವು ಇಷ್ಟು ವರ್ಷ ಅವರ ಮೇಲೆ ಹೊರಿಸಿದ ಸುಳ್ಳು ಅವರದಲ್ಲ. ಅವರು ಒಳಗೆ ಬಂದು, "ಸುರಪುರದ ಹುಡುಗ ಬಂದಾನ. ಅವಂದೇನೋ ಬಾಟ್ಲಿ ನಿನ್ನ ಹತ್ರ ಅದಂತ. ಅದ ಏನವ್ವಾ? ಇದ್ರ ಕೊಟ್ಟು ಕಳಸು" ಎಂದರು. ನಾನು ಬಾಟಲಿಯನ್ನು ಸೆರಗಿನ ಕೆಳಗೆ ಮಾಡಿಕೊಂಡು "ಇಲ್ಲ" ಎಂದೆ.

ಕೊಟ್ಟರೆ ನೀವು ಮತ್ತೆ ಬರಲು ಕಾರಣವೇ ಉಳಿಯುವುದಿಲ್ಲ ಎನಿಸಿತು. ಇಲ್ಲವೆಂದರೆ ಇನ್ನೊಮ್ಮೆ ಕೇಳಲು ಬರುತ್ತೀರಿ, ಆಗ ಹೊರಗೆ ಬರೋಣ, ಅಷ್ಟರಲ್ಲಿ ಧೈರ್ಯ ಬರುತ್ತದೆ ಎಂದುಕೊಂಡೆ. ನೀವು ಲೋಟ ತೊಳೆದು ಬೋರಲು ಹಾಕಿ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಮತ್ತೆ ಬರಲಿಲ್ಲ. ಅಂದು ಅದಕ್ಕೆ ಎರಡೇ ವರ್ಷದ ಹುಳಿ ಹತ್ತಿತ್ತು. ಕೊಟ್ಟಿದ್ದರೆ ಮುಳ್ಳು ಉಳಿಯುತ್ತಿದ್ದವೇನೋ, ಇಂದು ಅದಕ್ಕೆ ಒಂದು ಹೆಸರು ಇರುತ್ತಿತ್ತು.

ಆ ಹೆಸರು ಇನ್ನು ಯಾವ ಪುಸ್ತಕಕ್ಕೂ ಹೋಗುವುದಿಲ್ಲ. ಹೇಳಬೇಡಿ ಎಂದಿದ್ದೆ, ಈಗ ಕೇಳುತ್ತಿದ್ದೇನೆ. ಒಂದು ಸಣ್ಣ ಚೀಟಿಯಲ್ಲಿ ಬರೆದು ಕಳಿಸಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಬಾಟಲಿಯೊಳಗೆ ಹಾಕಿಡುತ್ತೇನೆ.